ಐವತ್ತು ಅಂಕಣದ ಬಟ್ಟೆ

ಟೊವಾಕಸೆ ಚರ್ಚಿನಲ್ಲಿ ಎದ್ದು ನಿಂತಳೆಂದರೆ ಫ್ಯಾನೂ ಒಂದು ಗಳಿಗೆ ತನ್ನ ಸದ್ದು ತಗ್ಗಿಸಿದ ಹಾಗೆ ಅನ್ನಿಸುತ್ತಿತ್ತು. ಮೇ ತಿಂಗಳ ಆ ಭಾನುವಾರವೂ ಹಾಗೇ ಆಯಿತು.

ಪಾದ್ರಿಗಳು ಪಟ್ಟಿ ಓದುತ್ತಿದ್ದರು. ಊರಿನ ಹಾಡಿನ ಮೇಳಕ್ಕೆ ಜುಲೈಗೆ ಎಂಬತ್ತು ವರ್ಷ ತುಂಬುತ್ತಿತ್ತು. ನಮ್ಮ ದ್ವೀಪ ಬಿಟ್ಟು ಆಕ್ಲೆಂಡಿಗೆ ಹೋಗಿ ನೆಲೆಸಿದ ನಮ್ಮೂರವರು ಆ ಹಬ್ಬಕ್ಕೆ ಹದಿನೆಂಟು ಹಿತ್ತಾಳೆ ವಾದ್ಯ ತರುತ್ತೇವೆಂದು ಮಾತು ಕೊಟ್ಟಿದ್ದರು. ಊರಿನ ಹಳೆಯ ವಾದ್ಯಗಳನ್ನು ಉಪ್ಪುಗಾಳಿ ತಿಂದು ಮುಗಿಸಿತ್ತು. ದೊಡ್ಡ ಕಹಳೆಯ ಬಾಯಿಗೆ ಮೀನಿನ ಡಬ್ಬಿಯ ತಗಡು ಬೆಸೆದು ಮೂರು ವರ್ಷ ನೂಕಿದ್ದರು. ಆದರೆ ಹದಿನೆಂಟು ವಾದ್ಯವನ್ನು ಸುಮ್ಮನೆ ಇಸಿದುಕೊಳ್ಳುವುದುಂಟೆ? ಬದಲಿಗೆ ಊರ ಹೆಂಗಸರು ನಾರುಬಟ್ಟೆ ಕೊಡಬೇಕು. ಹಿಪ್ಪುನೇರಳೆಯ ಸಿಪ್ಪೆ ಸುಲಿದು, ಬಡಿದು, ಗಂಜಿ ಹಾಕಿ ಅಂಟಿಸಿ, ಕಂದು ಬಣ್ಣ ಕಟ್ಟಿದ ಬಟ್ಟೆ. ಅದರ ಉದ್ದದ ಲೆಕ್ಕ ಅಂಕಣದಲ್ಲಿ, ಒಂದು ಅಂಕಣವೆಂದರೆ ಮೊಳದ ಮೇಲೆ ತುಸು. ಆ ಚಳಿಯೂರಿನಲ್ಲಿ ನಮ್ಮವರಿಗೆ ಮದುವೆಗೂ ಅದೇ ಬೇಕು, ಸಾವಿಗೂ ಅದೇ ಬೇಕು. ಅಲ್ಲಿ ಆ ಗಿಡ ಸರಿಯಾಗಿ ಬರುವುದಿಲ್ಲ. ಬಂದರೂ ಬಡಿಯುವ ಸದ್ದಿಗೆ ಪಕ್ಕದ ಮನೆಯವರು ಪೊಲೀಸರನ್ನು ಕರೆಯುತ್ತಾರಂತೆ.

"ಫಿಲಿಮೋನೆಯ ಮನೆ. ಹತ್ತು ಅಂಕಣ," ಎಂದು ಪಾದ್ರಿಗಳು ಓದಿದರು.

ಮೇಳದಲ್ಲಿ ಎರಡನೇ ದನಿಯವರ ಸಾಲಿನಲ್ಲಿ ಕೂತಿದ್ದ ಫಿಲಿಮೋನೆಯ ಹೆಂಡತಿ ಲೋಸಲೀನೆ ತಲೆಯಾಡಿಸಿದಳು. ಹತ್ತು ಅಂಕಣದ್ದು ಮಡಿಸಿ, ಹಗ್ಗ ಕಟ್ಟಿ ಇಟ್ಟಾಗಿತ್ತು.

ಆಗ ಎದ್ದವಳು ಟೊವಾಕಸೆ, ಫಿಲಿಮೋನೆಯ ಅಕ್ಕ. ಚರ್ಚಿನ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ ಚಾಪೆ ಕೂದಲೆಳೆಯಷ್ಟೂ ಜಾರಿರಲಿಲ್ಲ.

"ಪಾದ್ರಿಗಳೇ, ಬರಕೊಂಡಿರೋದ್ರಲ್ಲಿ ಏನೋ ತಪ್ಪಾಗಿದೆ. ನನ್ನ ತಮ್ಮನ ಮನೇದು ಹತ್ತಲ್ಲ. ಐವತ್ತು."

ಹೆಂಗಸರ ಸಾಲಿನಿಂದ ಉದ್ದದೊಂದು ಉಸಿರು ಎದ್ದಿತು. ಹಿಂದಿನ ಬೆಂಚಿನಿಂದ ಯಾರೋ "ಭಲೆ, ಭಲೆ!" ಎಂದರು. ಐವತ್ತು ಅಂಕಣದ ಬಟ್ಟೆ ಇಡೀ ಊರಿನಲ್ಲಿ ಒಂದೇ ಒಂದಿತ್ತು. ಅದು ಲೋಸಲೀನೆಯ ಹಾಸಿಗೆಯ ಕೆಳಗಿತ್ತು. ಮಗಳು ಮೆಲೆನಾಯಿತೆಯ ಮದುವೆಗೆಂದು ಎರಡು ವರ್ಷ ಕೊಡತಿ ಹಿಡಿದು ಬಡಿದದ್ದು. ಮದುವೆ ಡಿಸೆಂಬರಿಗೆ.

ಲೋಸಲೀನೆ ಗಂಡಸರ ಸಾಲಿನ ಕಡೆ ನೋಡಿದಳು. ತಗ್ಗು ದನಿಯವರ ನಡುವೆ ಫಿಲಿಮೋನೆ ತನ್ನ ಚಪ್ಪಲಿಯನ್ನು ಹೊಸದಾಗಿ ಕಂಡವನಂತೆ ನೋಡುತ್ತ ಕೂತಿದ್ದ. ಅವನು ಮಾಡುವುದಾದರೂ ಏನು? ನಮ್ಮಲ್ಲಿ ತಮ್ಮನ ಮನೆಗೆ ಅಕ್ಕನೇ ದೊರೆ. ಅವಳು ಕೇಳಿದ್ದಕ್ಕೆ ಇಲ್ಲವೆನ್ನುವ ನಾಲಿಗೆ ಆ ಮನೆಯಲ್ಲಿ ಯಾರಿಗೂ ಹುಟ್ಟಿರುವುದಿಲ್ಲ. ಅವಳು ಒಳಗೆ ಬಂದರೆ ಮರ್ಯಾದೆಗೆ ತಮ್ಮ ಹೊರಗೆ.

ಮೇಳದ ಮೇಷ್ಟ್ರು ಕೆಪುವೆಲಿ ಕರಿಹಲಗೆಯ ಕಡೆ ಕೋಲು ಎತ್ತಿದರು. ಹಲಗೆಯ ಮೇಲೆ ನಾಲ್ಕು ಸಾಲು ಅಂಕಿ. ಮೂರರಿಂದ ಒಂಬತ್ತರವರೆಗಿನ ಅಂಕಿಗಳೇ ನಮ್ಮ ಏಳು ಸ್ವರ. ಅಜ್ಜಂದಿರ ಕಾಲದಿಂದಲೂ ಹೀಗೇ. ಎರಡನೇ ಸಾಲು ಐದರಿಂದ ಶುರುವಾಗುತ್ತಿತ್ತು. ಲೋಸಲೀನೆ ಬಾಯಿ ತೆರೆದಳು. ಐದು ಬರಲಿಲ್ಲ, ಆರೂ ಬರಲಿಲ್ಲ. ಅವಳನ್ನೇ ಹಿಡಿದು ಹಾಡುತ್ತಿದ್ದ ಅಕ್ಕಪಕ್ಕದ ಹೆಂಗಸರು ಗಲಿಬಿಲಿಗೊಂಡು ಮೊದಲ ದನಿಯವರ ಹಿಂದೆ ಓಡಿದರು.

ಮಧ್ಯಾಹ್ನ ನೆಲದೊಲೆ ತೆಗೆದಾಗ ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನಹಾಲು ಹೊಯ್ದ ಮಾಂಸ ಹದವಾಗಿ ಬೆಂದಿತ್ತು. ಯಾರಿಗೂ ಅದರ ರುಚಿ ಹತ್ತಲಿಲ್ಲ.

"ಒಂದು ಮಾತು ಆಡಬಾರದಿತ್ತಾ ನೀವು?" ಎಂದಳು ಲೋಸಲೀನೆ.

"ಯಾರ ಹತ್ರ? ಅಕ್ಕನ ಹತ್ರಾನಾ?"

"ಅಲ್ಲ, ಆ ಹಂದಿ ಹತ್ರ."

ಅಂಗಳದ ಹಂದಿ ಕತ್ತೆತ್ತಿ ನೋಡಿ ಮತ್ತೆ ತೆಂಗಿನಕಾಯಿಯ ಹೋಳಿಗೆ ಬಾಯಿ ಹಾಕಿತು. ಫಿಲಿಮೋನೆ ಗೆಣಸು ಮುರಿದು ಮುರಿದು ಪುಡಿ ಮಾಡಿದ.

"ಎರಡು ವರ್ಷ," ಎಂದಳು ಲೋಸಲೀನೆ. "ಭುಜ ಬಿದ್ದು ಹೋಗಿತ್ತು ನಂದು. ನಿಮ್ಮಕ್ಕ ಒಂದು ದಿನ ಕೊಡತಿ ಮುಟ್ಟಲಿಲ್ಲ. ಬಾಯಿ ಒಂದಿದೆ, ಎದ್ದು ನಿಂತು ಐವತ್ತು ಅಂದುಬಿಟ್ರು."

"ನನ್ನ ಮಗಳು ಕಣೇ ಅವಳು," ಎಂದಳು ಅತ್ತೆ ಉಯಿನಿಸೆ, ಚಾಪೆಯ ಮೂಲೆಯಿಂದ. ಎಂಬತ್ತೊಂದು ವರ್ಷದ ಮುದುಕಿ, ಕಿವಿ ಮಾತ್ರ ಇಪ್ಪತ್ತರದು. "ನನ್ನೆದುರಿಗೆ ಬೈಬೇಡ. ಊಟ ಆದ್ಮೇಲೆ ನಾನು ಮಲಗ್ತೀನಿ. ಆಗ ಬೈ, ಸಮಾಧಾನವಾಗಿ."

ಮೆಲೆನಾಯಿತೆಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತೆರಡರ ಹುಡುಗಿ, ಪಟ್ಟಣದ ಶಾಲೆಯಲ್ಲಿದ್ದಾಗ ಬ್ಯಾಂಡಿನಲ್ಲಿ ಸಣ್ಣ ಕಹಳೆ ಊದುತ್ತಿದ್ದಳು. ಊರಿಗೆ ಬಂದ ಮೇಲೆ ಊದುವುದಕ್ಕೆ ಒಲೆಯೊಂದೇ ಇತ್ತು.

"ಅಮ್ಮ, ಬಟ್ಟೆ ಹೋದ್ರೆ ಹೋಗ್ಲಿ ಬಿಡು. ಆ ಹದಿನೆಂಟರಲ್ಲಿ ಒಂದು ನಂಗೇ ಅಂತ ಮೇಷ್ಟ್ರು ಹೇಳಿದಾರೆ."

"ಕಹಳೆ ಊದ್ಕೊಂಡು ಹೋಗ್ತೀಯಾ ಗಂಡನ ಮನೆಗೆ? ಅವರ ಕಡೆ ಹೆಂಗಸ್ರು ಬಾಗಿಲಲ್ಲೇ ನಿಂತು ಅಂಕಣ ಎಣಿಸ್ತಾರೆ. ಹತ್ತಕ್ಕೆ ಮುಗಿದು ಹೋದ್ರೆ ಜನ್ಮವೆಲ್ಲ ಹತ್ತಂಕಣದವಳು ಅಂತ್ಲೇ ಕರೀತಾರೆ."

"ಕರೀಲಿ. ನಂಗೆ ಒಂಬತ್ತರ ತನಕ ಎಣಿಸೋಕೆ ಬಂದ್ರೆ ಸಾಕು."

"ಕೇಳಿದ್ರಾ?" ಎಂದು ಲೋಸಲೀನೆ ಗಂಡನ ಕಡೆ ತಿರುಗಿದಳು. ಅವನು ಹಂದಿಗೆ ನೀರು ಕೊಡಲು ಹೋಗಿಯಾಗಿತ್ತು.

ಮಂಗಳವಾರದ ಅಭ್ಯಾಸಕ್ಕೆ ಲೋಸಲೀನೆ ಹೋಗಲಿಲ್ಲ. ಗುರುವಾರವೂ ಹೋಗಲಿಲ್ಲ. ಗಂಟಲು ಸರಿಯಿಲ್ಲ ಎಂದು ಹೇಳಿ ಕಳಿಸಿದಳು. ಅಂಗಳದಲ್ಲಿ ಬಟ್ಟೆ ಒಗೆಯುತ್ತ ಕೂತರೆ ಚರ್ಚಿನ ಕಿಟಕಿಯಿಂದ ಹಾಡು ಕೇಳಿಸುತ್ತಿತ್ತು. ಮೊದಲ ದನಿ ಮೇಲೆ ಹಾರುತ್ತಿತ್ತು, ಗಂಡಸರ ದನಿ ಕೆಳಗೆ ಗುಡುಗುತ್ತಿತ್ತು, ಮಧ್ಯದಲ್ಲಿ ಮಾತ್ರ ಒಂದು ಮೆಟ್ಟಿಲು ಕಳಚಿಬಿದ್ದ ಏಣಿಯ ಹಾಗೆ ಬರಿದು. ಅವಳು ಅಂಗಿಯನ್ನು ಕಲ್ಲಿಗೆ ಜೋರಾಗಿ ಬಡಿದಳು.

ಮೂರನೆಯ ವಾರ ಕೆಪುವೆಲಿ ಮೇಷ್ಟ್ರು ಮನೆಗೇ ಬಂದರು. ಲೋಸಲೀನೆ ನಿಂಬೆ ಎಲೆಯ ಚಾ ಕೊಟ್ಟಳು. ಬೆಣ್ಣೆ ಸವರಿದ ನಾಲ್ಕು ತುಂಡು ಬ್ರೆಡ್ಡು ತಿನ್ನುವವರೆಗೂ ಮೇಷ್ಟ್ರು ವಿಷಯಕ್ಕೆ ಬರಲಿಲ್ಲ.

"ಗಂಟಲು ಹೇಗಿದೆಯಮ್ಮ?"

"ಐವತ್ತು ಅಂಕಣದ್ದು ಏನೋ ಸಿಕ್ಕಾಕ್ಕೊಂಡಿದೆ, ಮೇಷ್ಟ್ರೇ."

ಮೇಷ್ಟ್ರು ಬಟ್ಟಲೊಳಗೆ ನೋಡಿದರು. "ಎರಡನೇ ದನಿಯವರು ಹಾಡ್ತಾ ಇರೋದು ಕೇಳಿದ್ರೆ ಆಡು ಮಂದೆ ನೆನಪಾಗತ್ತೆ. ಹಬ್ಬಕ್ಕೆ ಐದೇ ವಾರ."

"ಐವತ್ತು ಅಂದೋರನ್ನೇ ಕರ್ಕೊಂಡು ಹೋಗಿ ನಿಲ್ಲಿಸಿ ಆ ಸಾಲಲ್ಲಿ."

"ಟೊವಾಕಸೆನಾ?" ಮೇಷ್ಟ್ರು ದನಿ ತಗ್ಗಿಸಿದರು. "ಅವರ ಹಾಡು ಕೇಳಿದೀಯಲ್ಲ ನೀನು. ಆಡೇ ವಾಸಿ."

ಲೋಸಲೀನೆ ನಗಬಾರದೆಂದುಕೊಂಡಿದ್ದಳು. ಆದರೂ ನಕ್ಕಳು. ಅಭ್ಯಾಸಕ್ಕೆ ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಬಟ್ಟೆ ನೋಡಲು ಟೊವಾಕಸೆ ಬಂದದ್ದು ಆ ಶನಿವಾರ. ಗೇಟಿನ ಸದ್ದಾದದ್ದೇ ಫಿಲಿಮೋನೆ ಹಿತ್ತಲ ಬಾಗಿಲಿನಿಂದ ಹೋಗಿ ಹಲಸಿನ ಜಾತಿಯ ದೊಡ್ಡ ಮರದ ಹಿಂದೆ ನಿಂತ. ಲೋಸಲೀನೆ, ಮೆಲೆನಾಯಿತೆ ಇಬ್ಬರೂ ಹಾಸಿಗೆ ಎತ್ತಿ, ಮಡಿಕೆ ಬಿಚ್ಚಿ, ಬಟ್ಟೆಯನ್ನು ಮನೆಯುದ್ದಕ್ಕೂ ಹಾಸಿದರು. ಹದಿನೈದಕ್ಕೆ ಕೋಣೆ ಮುಗಿಯಿತು. ಉಳಿದದ್ದು ಜಗಲಿಗೆ, ಅಲ್ಲಿಂದ ಅಂಗಳದ ಹುಲ್ಲಿಗೆ ಹರಿಯಿತು. ಉಯಿನಿಸೆ ಹೇಳುತ್ತಿದ್ದ ಕಥೆಯಲ್ಲಿ ಸಮುದ್ರದಿಂದೆದ್ದು ಮನೆಯೊಳಗೆ ಬಂದ ಹಾವುಮೀನೊಂದು ಇತ್ತು. ಬಾಲ ಇನ್ನೂ ನೀರಿನಲ್ಲಿರುವಾಗಲೇ ತಲೆ ಒಲೆಯ ಹತ್ತಿರವಿತ್ತಂತೆ. ಬಟ್ಟೆ ಹಾಗೆ ಮಲಗಿತ್ತು. ಅಂಚಿನುದ್ದಕ್ಕೂ ಒಂದು, ಎರಡು, ಮೂರು ಎಂದು ಅಂಕಣದ ಅಂಕಿಗಳು.

ಟೊವಾಕಸೆ ಬಗ್ಗಿ ಬಗ್ಗಿ ಕೊನೆಯ ಅಂಕಿಯವರೆಗೂ ನಡೆದು ಬಂದಳು.

"ಮೂವತ್ತಾರು ಮಂಕಾಗಿದೆ. ತಿದ್ದಿಬಿಡು."

"ಅತ್ತಿಗೆ, ಇದು ಮೆಲೆನಾಯಿತೆಗೆ ಅಂತ ಇಟ್ಟಿದ್ದು." ಮೂರು ವಾರದಿಂದ ಬಾಯೊಳಗೆ ತಿರುವಿದ ಮಾತು. ಹೊರಗೆ ಬಂದಾಗ ಇಷ್ಟೇ ಇತ್ತು.

"ಗೊತ್ತು. ಅವಳಿಗೆ ನಾನಿಲ್ವಾ?" ಟೊವಾಕಸೆ ಬೆನ್ನು ನೆಟ್ಟಗೆ ಮಾಡಿಕೊಂಡಳು. "ಅಪ್ಪ ಈ ಮೇಳಕ್ಕೆ ನಲವತ್ತು ವರ್ಷ ಕೋಲು ಎತ್ತಿದ. ಸಾಯೋ ವಾರ ಕೂಡ ಹಲಗೆ ಮೇಲೆ ಅಂಕಿ ಬರೆದ. ಅವನ ಮನೆಯಿಂದ ಹತ್ತು ಅಂಕಣ ಅಂತ ಮೈಕಲ್ಲಿ ಓದಿದ್ರೆ ನಾನು ಸುಮ್ನೆ ಕೂರಬೇಕಿತ್ತಾ? ಹೇಳು, ನಿನ್ನಪ್ಪ ಆಗಿದ್ರೆ?"

ಲೋಸಲೀನೆ ಬಟ್ಟೆ ಮಡಿಸಿಟ್ಟಳು. ಕೋಳಿ ಕೊಯ್ದು ಸಾರು ಮಾಡಿದಳು. ಟೊವಾಕಸೆ ಎರಡು ಸಲ ಹಾಕಿಸಿಕೊಂಡು ಉಂಡು, "ಉಪ್ಪು ಒಂದು ಕಲ್ಲು ಕಮ್ಮಿ," ಎಂದು ಹೋದಳು. ಮರದ ಹಿಂದಿನಿಂದ ಫಿಲಿಮೋನೆ ಬಂದಾಗ ಸಾರಿನ ಪಾತ್ರೆಯಲ್ಲಿ ಕತ್ತೂ ಕಾಲೂ ಉಳಿದಿದ್ದವು.

"ನಿಮ್ಮಕ್ಕ ನಿಮಗೆ ಅಂತ ಬಿಟ್ಟು ಹೋಗಿದಾರೆ. ಅಗೀರಿ."

ಮರುದಿನದ ಊಟಕ್ಕೆ ಅತ್ತೆ ಸೊಸೆ ಕೆಸುವಿನ ಗಡ್ಡೆ ಹೆರೆಯುತ್ತ ಕೂತಿದ್ದರು. ಉಯಿನಿಸೆಯ ಚಾಕು ನಿಧಾನ. ಸಿಪ್ಪೆ ಮಾತ್ರ ಕಾಗದದಷ್ಟು ತೆಳು.

"ನಂಗೆ ಮದುವೆಯಾದ ವರ್ಷ ನನ್ನ ಅತ್ತಿಗೆ ಬಂದು ನನ್ನ ಹೊಲಿಗೆ ಮಿಷನ್ನು ಎತ್ಕೊಂಡು ಹೋದ್ಲು," ಎಂದಳು ಮುದುಕಿ. "ಮೂರು ದಿನ ಅತ್ತೆ. ನಾಲ್ಕನೇ ದಿನ ನನ್ನ ತಮ್ಮನ ಮನೆಗೆ ಹೋಗಿ ಅವನ ಹೆಂಡ್ತಿ ಮಿಷನ್ನು ಎತ್ಕೊಂಡು ಬಂದೆ."

"ಅವಳು?"

"ಅವಳಿಗೂ ತಮ್ಮ ಇದ್ದ." ಉಯಿನಿಸೆ ಗಡ್ಡೆಯನ್ನು ನೀರಿಗೆ ಹಾಕಿದಳು. "ನಿಂಗಿಲ್ವಾ?"

ಲೋಸಲೀನೆಯ ಕೈ ನಿಂತಿತು. ದ್ವೀಪದ ಆ ತುದಿಯ ಊರಿನಲ್ಲಿ ಅವಳ ತಮ್ಮ ಮನಾಸೆ ಇದ್ದ. ಆ ಮನೆಗೆ ಅವಳು ದೊರೆಯಾಗಿ ಇಪ್ಪತ್ತಮೂರು ವರ್ಷವಾಗಿತ್ತು. ಒಂದು ಬಾಳೆಗೊನೆಯನ್ನೂ ಕೇಳಿರಲಿಲ್ಲ.

ಬುಧವಾರದ ವ್ಯಾನಿನಲ್ಲಿ ಹೋದಳು. ಅವಳು ಅಂಗಳಕ್ಕೆ ಕಾಲಿಟ್ಟದ್ದೇ ಮನಾಸೆ ತಲೆ ಬಗ್ಗಿಸಿ, "ಬಂದ್ಯಾ ಅಕ್ಕ?" ಎಂದು ಹಿತ್ತಲ ಬಾಗಿಲಿನಿಂದ ಹೊರಟು ಹೋದ. ಅವನು ಬಾಗಿಲು ಎಳೆದುಕೊಂಡ ರೀತಿಯೂ ಫಿಲಿಮೋನೆಯದೇ. ಅವಳು ಇದನ್ನು ಇಷ್ಟು ವರ್ಷ ಗಮನಿಸಿರಲಿಲ್ಲ.

ಮನಾಸೆಯ ಹೆಂಡತಿ ಕಲೊಲೈನೆ ಮಾಡಿನ ಕೆಳಗೆ ಹಾಡು ಗುನುಗುತ್ತ ಬಟ್ಟೆಗೆ ಬಣ್ಣ ತಿದ್ದುತ್ತಿದ್ದಳು. ಉಗುರೆಲ್ಲ ಕಂದು. ಅತ್ತಿಗೆಯನ್ನು ಕಂಡು ದಡಬಡಿಸಿ ಎದ್ದು, ಒಳ್ಳೆಯ ಚಾಪೆ ಹಾಸಿ, ಮೇಲುಗಡೆ ಕೂರಿಸಿ, ತಾನು ಬಾಗಿಲ ಹತ್ತಿರ ಕೂತಳು. ಸುಟ್ಟ ಮೀನು ಬಂತು, ತಲೆ ಸಮೇತ, ಇಡಿಯಾಗಿ. ಮಕ್ಕಳು ದೂರ ನಿಂತು ಆ ಮೀನನ್ನು ನೋಡಿದರು. ಹೋದ ವರ್ಷದ ಬಿರುಗಾಳಿಗೆ ಮಾಡಿನ ಅರ್ಧ ತಗಡು ಹಾರಿಹೋಗಿ, ಅಲ್ಲಿ ನೀಲಿ ಟಾರ್ಪಾಲು ಕಟ್ಟಿತ್ತು. ಕೆಳಗೆ ಎರಡು ಬಕೆಟ್ಟು.

"ಎಷ್ಟು ಅಂಕಣ?" ಎಂದಳು ಲೋಸಲೀನೆ, ಬಟ್ಟೆಯ ಮೇಲೆ ಕೈಯಾಡಿಸುತ್ತ.

"ನಲವತ್ತು, ಅತ್ತಿಗೆ."

"ಚೆನ್ನಾಗಿದೆ."

ಅಷ್ಟೇ ಅಂದದ್ದು. ಹೆಚ್ಚೇನೂ ಬೇಕಿರಲಿಲ್ಲ, ಅಕ್ಕ ಮೆಚ್ಚಿದಳೆಂದರೆ ಕೇಳಿದ ಹಾಗೇ. ಕಲೊಲೈನೆ ಒಂದು ಗಳಿಗೆ ತನ್ನ ಕಂದು ಬೆರಳುಗಳನ್ನು ನೋಡಿಕೊಂಡು, ಎದ್ದು, ಬಟ್ಟೆಯ ತುದಿ ಹಿಡಿದು ಮಡಿಸತೊಡಗಿದಳು. ಗುನುಗುತ್ತಿದ್ದ ಹಾಡು ನಿಂತಿತ್ತು.

"ಅತ್ತೆ, ಅದು ನಮ್ಮನೆ ತಗಡು!" ಎಂದಳು ಐದು ವರ್ಷದ ಸೋದರಸೊಸೆ, ಮನಾಸೆಯ ಕಿರಿಯ ಮಗಳು. "ಅಮ್ಮ ಅದನ್ನ ಪಟ್ಟಣದಲ್ಲಿ ಮಾರಿ ತಗಡು ತರ್ತಾಳೆ."

ಕಲೊಲೈನೆ ಮಗುವಿನ ತೋಳು ಚಿವುಟಿದಳು. "ಮಗು, ಅದಕ್ಕೇನು ಗೊತ್ತು ಅತ್ತಿಗೆ. ತಗೊಂಡು ಹೋಗಿ. ಮೆಲೆನಾಯಿತೆ ಮದುವೆಗೆ ನಾವೇ ತರಬೇಕು ಅಂತಿದ್ವಿ."

ಬೇಡ ಎನ್ನಬಹುದಿತ್ತು. ಅಂದರೆ ಕೊಟ್ಟದ್ದನ್ನು ತಳ್ಳಿದ ಹಾಗೆ. ತಮ್ಮನ ಮಾನ ಉಳಿಯುತ್ತಿರಲಿಲ್ಲ. ಲೋಸಲೀನೆ ಹಾಗೆ ತನಗೆ ತಾನೇ ಹೇಳಿಕೊಂಡಳು. ಬಂದದ್ದು ಅದಕ್ಕೇ ಎಂಬುದೂ ಅವಳಿಗೆ ಗೊತ್ತಿತ್ತು.

"ಹನ್ನೆರಡನೇ ಅಂಕಣದಲ್ಲಿ ಗಂಜಿ ಬಿಟ್ಟಿದೆ," ಎಂದಳು. ಎಂದ ಮೇಲೆ ಅದು ಯಾರ ದನಿಯೆಂದು ಹೊಳೆಯಿತು.

ವ್ಯಾನಿನಲ್ಲಿ ಬಟ್ಟೆಯ ಕಟ್ಟು ಅವಳ ತೊಡೆಯ ಮೇಲೆ ಕೂತಿತ್ತು, ನಿದ್ದೆ ಹೋದ ದೊಡ್ಡ ಮಗುವಿನಂತೆ ಭಾರವಾಗಿ.

ಗುರುವಾರ ಲೋಸಲೀನೆ ಅಭ್ಯಾಸಕ್ಕೆ ಹೋದಳು. ಮೇಷ್ಟ್ರು ಏನೂ ಕೇಳದೆ ಹಲಗೆಯ ಎರಡನೇ ಸಾಲಿಗೆ ಕೋಲು ತಟ್ಟಿದರು. ಮನೆಯಲ್ಲಿ ಮೆಲೆನಾಯಿತೆ ಹೊಸ ಕಟ್ಟನ್ನು ಕಾಲಿನಿಂದ ಒತ್ತಿ ನೋಡಿ, "ಅಂತೂ ನಲವತ್ತಂಕಣದವಳು ಅಂತಾರೆ ನನ್ನ," ಎಂದಳು.

ಜುಲೈಯಲ್ಲಿ ಹಬ್ಬ ನಡೆಯಿತು. ಆಕ್ಲೆಂಡಿನವರು ಹದಿನೆಂಟು ಕಪ್ಪು ಪೆಟ್ಟಿಗೆಗಳೊಂದಿಗೆ ಹಡಗಿನಿಂದ ಇಳಿದರು. ಎಪ್ಪತ್ತು ಹಂದಿ ಸುಟ್ಟರು. ಐವತ್ತು ಅಂಕಣದ ಬಟ್ಟೆಯನ್ನು ಇಪ್ಪತ್ತು ಹೆಂಗಸರು ಎರಡೂ ಅಂಚು ಹಿಡಿದು ಮೈದಾನದ ಉದ್ದಕ್ಕೂ ನಡೆಸಿಕೊಂಡು ಬಂದಾಗ ಜನ ಎದ್ದು ನಿಂತರು. ಟೊವಾಕಸೆ ಎಲ್ಲರಿಗಿಂತ ಮುಂದೆ ಕುಣಿಯುತ್ತ ಬಂದಳು. ಪಾದ್ರಿಗಳು ಮೈಕಿನಲ್ಲಿ ಅವಳ ತಂದೆಯ ಹೆಸರು ಹೇಳಿದಾಗ ಕುಣಿತ ನಿಲ್ಲಿಸಿ, ತಲೆಯ ಮೇಲಿನ ಹಬ್ಬದ ಟೋಪಿ ತೆಗೆದು ಅದರಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಲೋಸಲೀನೆ ನೋಡಿದಳು. ಬೈಯುವುದಕ್ಕೆ ಒಳಗೆ ಹುಡುಕಿದರೆ ಏನೂ ಸಿಗಲಿಲ್ಲ.

ಆಮೇಲೆ ಮೇಳದವರು ಹಾಡಲು ಎದ್ದು ನಿಂತರು. ಸುತ್ತಲಿನ ಊರುಗಳಿಂದ ಬಂದವರೂ ಎದ್ದರು, ಎಲ್ಲರಿಗೂ ಬರುವ ಕೀರ್ತನೆ ಅದು. ಸಾವಿರ ಬಾಯಿ ಒಟ್ಟಿಗೆ ತೆರೆದವು. ಲೋಸಲೀನೆಯ ಐದು ಸರಿಯಾದ ಜಾಗಕ್ಕೆ ಹೋಗಿ ಕೂತಿತು. ಮೇಷ್ಟ್ರು ಕಣ್ಣು ಮುಚ್ಚಿದರು.

ಮೂರನೆಯ ಸಾಲಿನ ಬೆಂಚಿನಲ್ಲಿ ಕಲೊಲೈನೆ ನಿಂತಿದ್ದಳು. ಪುಸ್ತಕ ಕೈಯಲ್ಲಿತ್ತು. ಬಾಯಿ ಮುಚ್ಚಿತ್ತು. ಮೊದಲ ಚರಣದಲ್ಲಿ ಮುಚ್ಚಿತ್ತು, ನಾಲ್ಕನೆಯದರಲ್ಲೂ ಮುಚ್ಚಿತ್ತು. ಸಿಟ್ಟಿನ ಮುಖವೇನಲ್ಲ, ಬಾಗಿಲು ಹಾಕಿ ಎಲ್ಲಿಗೋ ಹೋದವರ ಮನೆಯ ಹಾಗೆ. ಲೋಸಲೀನೆ ಅವಳನ್ನು ನೋಡುತ್ತಲೇ ಹಾಡಿದಳು. ದನಿ ನಿಲ್ಲಲಿಲ್ಲ, ಒಡೆಯಲೂ ಇಲ್ಲ. ಅದೇ ಅವಳಿಗೆ ಸೋಜಿಗವಾಯಿತು.

ಹಬ್ಬದ ಮಾರನೆಯ ಸೋಮವಾರ ಬೆಳಿಗ್ಗೆ ಫಿಲಿಮೋನೆ ಎದ್ದಾಗ ಹಿತ್ತಲಲ್ಲಿ ಟೊಕ್, ಟೊಕ್ ಎಂದು ಸದ್ದು. ಲೋಸಲೀನೆ ದಿಮ್ಮಿಯ ಮುಂದೆ ಕಾಲು ಚಾಚಿ ಕೂತು ನೆನೆಸಿದ ಸಿಪ್ಪೆ ಬಡಿಯುತ್ತಿದ್ದಳು. ಅವನು ಸಿಪ್ಪೆಗೆ ಇನ್ನೊಂದು ಬಕೆಟ್ಟು ನೀರು ತಂದಿಟ್ಟ. ಮಂಗಳವಾರವೂ ಬಡಿದಳು, ಬುಧವಾರವೂ. ಜೊತೆಗೆ ಕೂರುವ ಹೆಂಗಸರಿಲ್ಲದೆ ಒಂದೇ ಕೊಡತಿಯ ಸದ್ದು ಬೀದಿಯುದ್ದಕ್ಕೂ ಕೇಳುತ್ತಿತ್ತು.

ಶುಕ್ರವಾರ ಟೊವಾಕಸೆ ಬಂದಳು. ಫಿಲಿಮೋನೆ ಮರದ ಹಿಂದೆ ಸರಿದ.

"ಹಬ್ಬ ಮುಗೀತಲ್ಲ. ಇನ್ನು ಯಾರಿಗೆ ಬಡೀತಿದೀಯ?"

"ನನ್ನ ತಮ್ಮನ ಹೆಂಡ್ತಿಗೆ."

ಟೊವಾಕಸೆ ನಂಬಲಿಲ್ಲ. "ಅಕ್ಕ ಆದೋಳು ತಗೊಂಡಿದ್ದನ್ನ ತಿರುಗಿ ಕೊಡೋದೆಲ್ಲಾದ್ರೂ ಉಂಟೇನೇ? ಅವರಿಗೇ ಅವಮಾನ."

"ತಿರುಗಿ ಕೊಡ್ತಾ ಇಲ್ಲ ಅತ್ತಿಗೆ. ಬಡೀತಾ ಇದೀನಿ ಅಷ್ಟೆ." ಲೋಸಲೀನೆ ಸಿಪ್ಪೆ ಮಗುಚಿ ಹಾಕಿದಳು. "ಅವರ ಮಾಡು ಸೋರುತ್ತೆ. ಎರಡು ಬಕೆಟ್ಟು ಇಟ್ಟಿದಾರೆ. ಅದನ್ನ ನೋಡ್ಕೊಂಡೇ ತಂದೆ ನಾನು."

ಕೊಡತಿ ಎಂಟು ಹತ್ತು ಸಲ ಬಿತ್ತು. ಟೊವಾಕಸೆ ನಿಂತೇ ಇದ್ದಳು. ಜಗಲಿಯಿಂದ ಉಯಿನಿಸೆ ಮಗಳನ್ನೂ ಸೊಸೆಯನ್ನೂ ನೋಡುತ್ತಿದ್ದಳು. ಮುದುಕಿಯ ಬಾಯಿ ಏನನ್ನೋ ಅಗಿಯುತ್ತಿತ್ತು, ಬಾಯಲ್ಲಿ ಏನೂ ಇರಲಿಲ್ಲ.

"ನಾನು ನೋಡ್ಲಿಲ್ಲ," ಎಂದಳು ಟೊವಾಕಸೆ ಕಡೆಗೆ. "ನಿನ್ನ ಭುಜದ ವಿಷಯ. ಅಮ್ಮ ಆಮೇಲೆ ಹೇಳಿದ್ಲು."

ಲೋಸಲೀನೆ ಸಿಪ್ಪೆಯ ಮೇಲೆ ನೀರು ಚಿಮುಕಿಸಿದಳು.

"ನನ್ನ ಹಳೇ ಅಡಿಗೆಮನೆ ಕೆಡವಿದ್ದು ಹತ್ತು ತಗಡಿದಾವೆ. ತುಕ್ಕಿಲ್ಲ. ನಿನ್ನ ಗಂಡಂಗೆ ಹೇಳು, ನಾಳೆ ವ್ಯಾನಿಗೆ ಹಾಕ್ಕೊಂಡು ಹೋಗಿ ಹೊಡೆದು ಬರಲಿ. ತಗಡು ನಂದು, ಮೊಳೆ ಅವನದು." ಅವಳು ಮರದ ಕಡೆ ನೋಡದೆ ದನಿ ಎತ್ತರಿಸಿದಳು. "ನಾನು ಹೇಳ್ದೆ ಅಂತ ಹೇಳು!"

ಮರ ಕೆಮ್ಮಿತು.

ಟೊವಾಕಸೆ ಗೇಟಿನವರೆಗೆ ಹೋಗಿ ತಿರುಗಿದಳು. "ತಗಡು ಸಿಕ್ತಲ್ಲ. ಇನ್ನೂ ಯಾಕೆ ಬಡೀತೀಯ?"

"ಹತ್ತು ತಗಡಿಗೆ ಅರ್ಧ ಮಾಡೂ ಮುಚ್ಚಲ್ಲ ಅತ್ತಿಗೆ."

ಬೀದಿಯಾಚೆ ಚರ್ಚಿನಲ್ಲಿ ಹೊಸ ವಾದ್ಯಗಳ ಮೊದಲ ಪಾಠ ಶುರುವಾಗಿತ್ತು. ಹದಿನೇಳು ಕಹಳೆ ಹದಿನೇಳು ದಿಕ್ಕಿಗೆ ಕಿರುಚುತ್ತಿದ್ದವು. ಮೆಲೆನಾಯಿತೆಯದೊಂದು ಮಾತ್ರ ಸ್ಪಷ್ಟವಾಗಿ ಮೂರರಿಂದ ಒಂಬತ್ತಕ್ಕೆ ಏರಿ, ಮತ್ತೆ ಇಳಿಯುತ್ತಿತ್ತು. ಲೋಸಲೀನೆ ಒಂದು ಸುತ್ತು ಕೇಳಿಸಿಕೊಂಡಳು. ಆಮೇಲೆ ಕೊಡತಿ ಎತ್ತಿ, ಮಗಳ ಸ್ವರದ ಕೆಳಗೆ ತನ್ನ ಎರಡನೇ ದನಿ ಹಿಡಿದಳು. ಮೊದಲನೇ ಅಂಕಣಕ್ಕೆ ಬೇಕಾದ ಸಿಪ್ಪೆಯೇ ಇನ್ನೂ ಬಡಿದು ಮುಗಿದಿರಲಿಲ್ಲ.